ಹಿತ್ತಿಲು, ಹಗೇವು, ದಾಸೋಹ: ಮಂಡಿಕಲ್ ಸೀಮೆಯ ಗೃಹಕೃಷಿಯ ಪೂರ್ವಚರಿತ್ರೆ

ದಾಸೋಹದ ಮಹಿಮೆಯನ್ನು ಕುರಿತು ಬರೆದ ಗ್ರಂಥಗಳು ಹಲವಿವೆ. ಆದರೆ ದಾಸೋಹದ ಒಲೆಗೆ ಧಾನ್ಯವೆಲ್ಲಿಂದ ಬಂದಿತು, ಕಾಯಿಪಲ್ಯವನ್ನು ಬೆಳೆದವರಾರು, ಮಳೆಯಿಲ್ಲದ ವರ್ಷದಲ್ಲಿ ಆ ಒಲೆಯನ್ನು ಆರಗೊಡದೆ ಕಾಪಾಡಿದುದು ಯಾವುದು ಎಂಬ ವಿಚಾರವು ಅಷ್ಟಾಗಿ ಬರವಣಿಗೆಗೆ ಬಂದಿಲ್ಲ. ಮಠಗಳ ಚರಿತ್ರೆಯೆಂದರೆ ಪಟ್ಟಾಧ್ಯಕ್ಷರ ಪರಂಪರೆ, ಬಿರುದಾವಳಿ, ದತ್ತಿಶಾಸನ ಇವಿಷ್ಟೇ ಎಂದು ಭಾವಿಸುವುದು ವಾಡಿಕೆಯಾಗಿದೆ. ಭಕ್ತನ ಮನೆಯ ಹಿತ್ತಿಲೂ ಅಂಗಳದ ಹಗೇವೂ ಆ ಚರಿತ್ರೆಗೆ ಸೇರಿದುವೇ ಆದರೂ ಅವುಗಳಿಗೆ ಬಿರುದಾವಳಿಯಿಲ್ಲವಾದ ಕಾರಣ ಅವುಗಳನ್ನು ಯಾರೂ ಹಾಡಲಿಲ್ಲ.

ಈ ವಿಷಯದಲ್ಲಿ ಮೊದಲಿಗೇ ಒಂದು ತೊಡಕು ಎದುರಾಗುತ್ತದೆ. ನಾಳೆಗೆಂದು ಕೂಡಿಡುವುದನ್ನು ಹನ್ನೆರಡನೆಯ ಶತಮಾನದ ಶಿವಶರಣರು ಒಪ್ಪಿದವರಲ್ಲ. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರೂ ಅವರ ಧರ್ಮಪತ್ನಿ ಲಕ್ಕಮ್ಮನವರೂ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಸುತ್ತಿದ್ದರೆಂಬುದೂ, ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದರೆಂಬುದೂ ಭಕ್ತರೆಲ್ಲರೂ ಬಲ್ಲ ಸಂಗತಿ. ಹಾಗಾದರೆ ಎರಡು ಮೂರು ವರ್ಷಗಳಿಗಾಗುವಷ್ಟು ರಾಗಿಯನ್ನು ನೆಲದಡಿಯಲ್ಲಿ ಹುಗಿದಿಡುವ ಒಕ್ಕಲಿನವನು ಶರಣಮಾರ್ಗದಿಂದ ದೂರನಾದನೇ? ಕಾಯಕದಿಂದ ಬಂದುದರಲ್ಲಿ ಹೆಚ್ಚಳವು ಯಾವಾಗ ಲೋಭವೆನಿಸುತ್ತದೆ, ಯಾವಾಗ ಎಚ್ಚರಿಕೆಯೆನಿಸುತ್ತದೆ? ಈ ಪ್ರಶ್ನೆಗೆ ಪೂರ್ವದ ಭಕ್ತರು ವಾದದಿಂದ ಉತ್ತರ ಹೇಳಿದಂತೆ ಕಾಣದು. ಅವರ ಉತ್ತರವಿದ್ದುದು ಅವರ ಮನೆಯ ನಡೆವಳಿಯಲ್ಲಿ.

ಕಲ್ಯಾಣವು ಅರಸರ ರಾಜಧಾನಿ. ಅಲ್ಲಿ ಆಯುವುದಕ್ಕೆ ಪ್ರತಿದಿನವೂ ಅಕ್ಕಿ ಚೆಲ್ಲುತ್ತಿದ್ದಿತು. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯ ನೆಲವು ಅಂಥದಲ್ಲ. ನಂದಿಯ ಸುತ್ತಣ ಬೆಟ್ಟಸಾಲಿನಲ್ಲಿ ಪಿನಾಕಿನಿ, ಪಾಲಾರು, ಅರ್ಕಾವತಿ ಮೊದಲಾದ ನದಿಗಳು ಹುಟ್ಟುತ್ತವೆಯೆಂದು ಹೇಳಿಕೊಳ್ಳುವ ಹೆಮ್ಮೆ ಈ ಸೀಮೆಗುಂಟು. ಹುಟ್ಟಿದ ಹೊಳೆಗಳು ತವರಿನಲ್ಲಿ ನಿಲ್ಲದೆ ಹರಿದುಹೋಗುವುದರಿಂದ ಇಲ್ಲಿಯವರಿಗೆ ದೊರೆಯುವುದು ಹೆಮ್ಮೆ ಮಾತ್ರ, ನೀರಲ್ಲ. ವರ್ಷಕ್ಕೆ ಸುಮಾರು ೩೦ ಅಂಗುಲದ ಆಸುಪಾಸಿನಲ್ಲಿ ಬೀಳುವ ಮಳೆಯನ್ನು ಕೆರೆಕಟ್ಟೆಗಳಲ್ಲಿ ತಡೆದು ನಿಲ್ಲಿಸಿಯೇ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಜನರು ಬಾಳಿಬಂದರು. ೨೦೦೭ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ತಾಲ್ಲೂಕುಗಳು ಕೋಲಾರ ಜಿಲ್ಲೆಗೆ ಸೇರಿದ್ದುವು. ಆ ಜಿಲ್ಲೆಯು ಕೆರೆಗಳ ಸಂಖ್ಯೆಗೆ ಹೆಸರಾದುದು ನೀರಿನ ಸಮೃದ್ಧಿಯಿಂದಲ್ಲ, ನೀರಿನ ಅಭಾವದಿಂದ ಎಂಬುದನ್ನು ಮರೆಯಲಾಗದು. ಇಂಥ ನೆಲದಲ್ಲಿ ಆ ದಿನದ ಅನ್ನವನ್ನು ಆ ದಿನವೇ ಸಂಪಾದಿಸುವೆನೆಂದು ಹೊರಟವನ ಮನೆಗೆ ಜಂಗಮನು ಬಂದರೆ, ಮೂರು ವರ್ಷಗಳಲ್ಲಿ ಒಂದು ವರ್ಷ ಬರಿಯ ಕೈಯಿಂದಲೇ ಹಿಂದಿರುಗಬೇಕಾಗುತ್ತಿದ್ದಿತು.

ಆದುದರಿಂದ ಇಲ್ಲಿಯ ಒಕ್ಕಲುತನಕ್ಕೆ ಆಧಾರವಾದುದು ಹಗೇವು. ಕನ್ನಡವೂ ತೆಲುಗೂ ಒಂದೇ ಜಗಲಿಯಲ್ಲಿ ಕುಳಿತು ಮಾತಾಡುವ ಈ ಗಡಿನಾಡಿನಲ್ಲಿ ಇದಕ್ಕೇ ಪಾತರವೆಂಬ ಹೆಸರೂ ಉಂಟು, ರಾಗಿಮುದ್ದೆಗೆ ಸಂಗಟಿಯೆಂಬ ಹೆಸರಿರುವಂತೆ. ನೀರು ನಿಲ್ಲದ ಎತ್ತರದ ಜಾಗದಲ್ಲಿ, ಗಟ್ಟಿಯಾದ ಗರಸುನೆಲವನ್ನು ಆರಿಸಿ, ಒಬ್ಬ ಮನುಷ್ಯನು ಇಳಿಯುವಷ್ಟೇ ಕಿರಿದಾದ ಬಾಯಿಯಿಟ್ಟು, ಒಳಗೆ ಇಳಿದಂತೆ ಗುಡಾಣದ ಹೊಟ್ಟೆಯಂತೆ ಅಗಲವಾಗುವ ಹಾಗೆ ತೋಡುವರು. ತೋಡಿದ ಮೇಲೆ ಒಳಗೆ ಹುಲ್ಲು ಬೆರಣಿಗಳನ್ನು ಉರಿಸಿ ಗೋಡೆಯ ಪಸೆಯನ್ನು ಹೀರಿಸಿ ಗಟ್ಟಿಮಾಡುವರು. ತಳಕ್ಕೂ ಸುತ್ತಲೂ ಒಣಹುಲ್ಲನ್ನು ಒತ್ತಾಗಿ ಹಾಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಮೇಲೆ ಮತ್ತೆ ಹುಲ್ಲುಹೊದಿಸಿ, ಚಪ್ಪಡಿಯಿಂದ ಮುಚ್ಚಿ, ಸಂದುಗಳಿಗೆ ಮಣ್ಣನ್ನು ಮೆತ್ತಿ ಗಾಳಿಯಾಡದಂತೆ ಮಾಡುವರು. ಅಂಗಳದ ಹಗೇವಿನ ಮೇಲೆ ದನಕರುಗಳು ಓಡಾಡುತ್ತಿದ್ದರೆ ಹೊಸಬರಿಗೆ ಅಲ್ಲೊಂದು ಕಣಜವಿರುವ ಸುಳಿವೇ ಹತ್ತದು. ದಂಡುಗಳು ಊರೂರನ್ನು ಸೂರೆಮಾಡುತ್ತಿದ್ದ ಪಾಳೆಯಗಾರರ ಕಾಲದಲ್ಲಿ ಇದೂ ಒಂದು ಉಪಕಾರವಾಗಿದ್ದಿತೆಂದು ಬೇರೆ ಹೇಳಬೇಕಾಗಿಲ್ಲ.

ಹಗೇವಿನ ಗುಟ್ಟೇನೆಂಬುದನ್ನು ಈಗಿನ ವಿಜ್ಞಾನವು ಸರಳವಾಗಿ ವಿವರಿಸುತ್ತದೆ. ಧಾನ್ಯವೂ ಜೀವವಿರುವ ವಸ್ತು, ಅದು ಉಸಿರಾಡುತ್ತದೆ. ಮುಚ್ಚಿದ ಗುಳಿಯೊಳಗಿನ ಆಮ್ಲಜನಕವನ್ನು ಧಾನ್ಯವೂ ಅದರೊಡನೆ ಸೇರಿದ ಹುಳುಹುಪ್ಪಟೆಗಳೂ ಹೀರಿ ಮುಗಿಸಿದ ಮೇಲೆ ಅಲ್ಲಿ ಇಂಗಾಲಾಮ್ಲವಾಯು ತುಂಬಿ, ಹುಳುಗಳು ಬದುಕಲಾರದೆ ಸಾಯುತ್ತವೆ. ರಾಗಿಯ ಕಾಳು ಅತಿ ಸಣ್ಣದಾದುದರಿಂದ ಹುಳುವಿಗೆ ಒಳಹೊಕ್ಕು ಮನೆಮಾಡಲು ಎಡೆಯಿಲ್ಲ. ಅದರ ಸಿಪ್ಪೆಯ ಒಗರೂ ರಕ್ಷಣೆಗೆ ನೆರವಾಗುತ್ತದೆ. ಭತ್ತ ಜೋಳಗಳು ತಡೆಯಲಾರದಷ್ಟು ವರ್ಷ ರಾಗಿಯು ಕೆಡದೆ ನಿಲ್ಲುವುದು ಹೀಗೆ. ಪೂರ್ವಿಕರು ವಾಯುವಿನ ಹೆಸರನ್ನರಿಯದಿದ್ದರೂ ಅದರ ಗುಣವನ್ನು ಚೆನ್ನಾಗಿ ಅರಿತಿದ್ದರು. ಹಗೇವಿನ ಬಾಯನ್ನು ತೆಗೆದೊಡನೆ ಯಾರೂ ಇಳಿಯಕೂಡದು. ಬಹಳ ಹೊತ್ತು ತೆರೆದಿಟ್ಟು, ಹಗ್ಗದಲ್ಲಿ ದೀಪವನ್ನು ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬಹುದು. ಈ ನಿಯಮವನ್ನು ಮೀರಿ ಆತುರಪಟ್ಟು ಇಳಿದವರು ಉಸಿರುಕಟ್ಟಿ ಸತ್ತ ಸಂಗತಿಗಳು ರಾಗಿಯ ಸೀಮೆಯಲ್ಲೆಲ್ಲ ಕೇಳಿಬರುತ್ತವೆ. ಗೋಡೆಗೆ ತಗಲಿದ ರಾಗಿಯು ಸ್ವಲ್ಪ ಮುಗ್ಗುವುದುಂಟು. ಅದು ದನಗಳ ಪಾಲು.

ಹಗೇವು ಗಂಡಸರ ದುಡಿಮೆಯಾದರೆ ಹಿತ್ತಿಲು ಹೆಂಗಸರ ರಾಜ್ಯವಾಗಿದ್ದಿತು. ರಾಗಿಯೊಂದರಿಂದ ಹೊಟ್ಟೆ ತುಂಬಬಹುದು, ಊಟವಾಗದು. ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳನ್ನು ಇಡುವುದು ಈ ಸೀಮೆಯ ಪದ್ಧತಿ. ಒಂದು ಬೆಳೆ ಮಳೆಗೆ ಸೋತರೆ ಇನ್ನೊಂದು ಕೈಹಿಡಿಯುವುದು. ಹಿತ್ತಿಲಿನಲ್ಲಿಯಾದರೆ ಬಚ್ಚಲಿನಿಂದ ಹರಿದ ನೀರೇ ಕಾಲುವೆ. ಆ ನೀರಿನ ದಾರಿಯಲ್ಲಿ ಬಾಳೆ, ಕೆಸವು. ಬೇಲಿಯ ಮೇಲೆ ತೊಂಡೆ, ಹೀರೆ. ಚಪ್ಪರದ ಮೇಲೆ ಚಪ್ಪರದವರೆ, ಪಡವಲ, ಸೋರೆ. ತಿಪ್ಪೆಯ ಅಂಚಿನಲ್ಲಿ ಕುಂಬಳ. ಬಾವಿಯ ಬಳಿ ನಿಂಬೆ, ಕರಿಬೇವು. ಮೂಲೆಯಲ್ಲಿ ತಪ್ಪದೆ ಒಂದು ನುಗ್ಗೆಯ ಮರ. ಒಲೆಯ ಬೂದಿಯನ್ನು ಚೆಲ್ಲದೆ ಎಲೆಗಳ ಮೇಲೆ ಉದುರಿಸಿ ಹುಳುವನ್ನು ತಡೆಯುತ್ತಿದ್ದರು. ಮುಂದಿನ ವರ್ಷದ ಬೀಜವನ್ನು ಒಣಗಿದ ಸೋರೆಬುರುಡೆಯಲ್ಲಿ ತುಂಬಿ ಒಲೆಯ ಮೇಲ್ಗಡೆ ಹೊಗೆಯಾಡುವೆಡೆ ತೂಗುಹಾಕುತ್ತಿದ್ದರು. ಬಿತ್ತದೆ ಬೆಳೆಯುವ ಸೊಪ್ಪುಗಳ ಲೆಕ್ಕ ಬೇರೆ: ಅಣ್ಣೆ, ಗೋಣಿ, ಹೊನಗೊನೆ, ಗಣಿಕೆ ಮುಂತಾದುವನ್ನು ಹೊಲದ ಬದುವಿನಿಂದ ಕಿತ್ತು ತಂದು ಬೆರಕೆ ಸೊಪ್ಪಿನ ಮಸ್ಸೊಪ್ಪನ್ನೋ ಬಸ್ಸಾರನ್ನೋ ಮಾಡುವುದು ಇಂದಿಗೂ ನಿಂತಿಲ್ಲ. ಯಾವ ಮಳೆಗೆ ಯಾವ ಸೊಪ್ಪು ಏಳುವುದೆಂಬ ಜ್ಞಾನವನ್ನು ಯಾವ ಪಾಠಶಾಲೆಯೂ ಕಲಿಸಲಿಲ್ಲ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಅದು ನಡೆದುಬಂದಿತು.

ಈ ವಿದ್ಯೆಯು ಕೇವಲ ಹಳ್ಳಿಗರದಾಗಿರದೆ ಕನ್ನಡದ ಪಂಡಿತರ ಆದರವನ್ನೂ ಪಡೆದಿದ್ದಿತೆಂಬುದಕ್ಕೆ ಪ್ರಮಾಣಗಳಿವೆ. ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರವೆಂಬ ಗ್ರಂಥದಲ್ಲಿ ನೆಲದಡಿಯ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಪೋಷಣೆ, ಅಡಿಗೆಯ ಶಾಸ್ತ್ರ ಇವೆಲ್ಲವೂ ಅಡಕವಾಗಿವೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿಯೇ ಬರೆದನು. ವೀರಶೈವ ಅರಸುಮನೆತನದ ಕೆಳದಿಯ ಬಸವಪ್ಪನಾಯಕನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಚಿಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತದ ವಿಶ್ವಕೋಶದಲ್ಲಿ ಶಿವತತ್ತ್ವದೊಡನೆ ಪಾಕಶಾಸ್ತ್ರಕ್ಕೂ ಸ್ಥಾನ ದೊರೆತಿದೆ. ಮಠದ ಭಕ್ತರಿಗೆ ಇವೆಲ್ಲಕ್ಕಿಂತಲೂ ಹತ್ತಿರವಾದ ನಿದರ್ಶನವು ತೋಂಟದ ಸಿದ್ಧಲಿಂಗ ಯತಿಗಳದು. ನೆರೆಯ ತುಮಕೂರು ಸೀಮೆಯ ಕಗ್ಗೆರೆಯಲ್ಲಿ ಭಕ್ತನ ತೋಟವೊಂದರಲ್ಲಿ ಅವರು ಬಹುಕಾಲ ಶಿವಯೋಗನಿರತರಾಗಿದ್ದರೆಂಬುದರಿಂದಲೇ ಅವರಿಗೆ ತೋಂಟದವರೆಂಬ ಹೆಸರು ಬಂದಿತೆಂದು ಪರಂಪರೆ ಹೇಳುತ್ತದೆ. ಷಟ್ಸ್ಥಲದ ಮಹಾಚಾರ್ಯರೊಬ್ಬರನ್ನು ಲೋಕವು ಒಂದು ತೋಟದ ಹೆಸರಿನಿಂದ ಕರೆದುದು ಸಾಮಾನ್ಯ ಸಂಗತಿಯಲ್ಲ.

ಇನ್ನು ಬೆಳೆದುದನ್ನು ಉಳಿಸುವ ಕೆಲಸ. ಬಿಸಿಲೂ ಉಪ್ಪೂ ಇದರ ಮುಖ್ಯ ಸಾಧನಗಳು. ಮಾಘ ಫಾಲ್ಗುನಗಳಲ್ಲಿ ಗಾಳಿಯ ತೇವವೆಲ್ಲ ಆರಿ ಬಿಸಿಲು ಏರತೊಡಗಿದೊಡನೆ ಮನೆಮನೆಯ ಮಾಳಿಗೆ, ಅಂಗಳ, ಬಂಡೆಗಳ ಮೇಲೆ ಚಾಪೆಗಳು ಹರಡಿಕೊಳ್ಳುವುವು. ಹಸಿಯ ಮೆಣಸಿನಕಾಯನ್ನು ಸೀಳಿ, ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ನೆನೆಯಿಟ್ಟು, ಹಗಲು ಬಿಸಿಲಿಗೂ ರಾತ್ರಿ ಮತ್ತೆ ಅದೇ ಮಜ್ಜಿಗೆಗೂ ಹಾಕಿ ಅದು ಪೂರ್ತಿ ಹೀರುವವರೆಗೆ ನಡೆಸಿದರೆ ಬಾಳಕ ಸಿದ್ಧವಾಗುವುದು. ಬೂದುಗುಂಬಳದ ತಿರುಳಿನಿಂದ ಸಂಡಿಗೆ, ಉದ್ದಿನಿಂದ ಹಪ್ಪಳ. ಗೋರಿಕಾಯಿ ಬದನೆಗಳನ್ನು ಹೆಚ್ಚಿ ಒಣಗಿಸಿದರೆ ಕಾಯಿಪಲ್ಯವಿಲ್ಲದ ವೈಶಾಖಕ್ಕೆ ಆಸರೆ. ಹೊಸ ಹುಣಸೆಹಣ್ಣನ್ನು ಬೀಜ ನಾರು ತೆಗೆದು ಉಪ್ಪಿನೊಡನೆ ಕುಟ್ಟಿ ಉಂಡೆಕಟ್ಟಿ ಮಡಕೆಯಲ್ಲಿ ಅದುಮಿಟ್ಟರೆ ವರ್ಷಗಳು ಕಳೆದಂತೆ ಬಣ್ಣ ಕಪ್ಪಾಗುವುದೇ ಹೊರತು ಕೆಡುವುದಿಲ್ಲ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವರು. ಅವರೆ ಹುರುಳಿಗಳನ್ನು ಬೂದಿಯೊಡನೆ ಕಲಸಿ ವಾಡೆಯಲ್ಲಿ ತುಂಬುವರು. ಮಾರ್ಗಶಿರ ಪುಷ್ಯಗಳ ಇಬ್ಬನಿಯಲ್ಲಿ ಸೊಗಡೇರಿದ ಅವರೆಯ ರುಚಿಯು ಒಣಗಿದ ಕಾಳಿನಲ್ಲಿ ಉಳಿಯದೆಂಬುದು ನಿಜವೇ. ಆದರೂ ಆಷಾಢದ ಗಾಳಿಯಲ್ಲಿ ಹಿತ್ತಿಲು ಬರಿದಾದಾಗ ಆ ಒಣಕಾಳೇ ಸಾರಿಗೆ ಗತಿ. ಹುರಿದ ರಾಗಿಯನ್ನು ಬೀಸಿದ ಹುರಿಹಿಟ್ಟಿನ ಮಾತನ್ನಂತೂ ಕೇಳಬೇಕಾದುದೇ ಇಲ್ಲ. ಬೆಲ್ಲವೂ ಮಜ್ಜಿಗೆಯೂ ಇದ್ದರೆ ಒಲೆ ಹೊತ್ತಿಸದೆಯೇ ಊಟ, ದಾರಿಹೋಕ ಜಂಗಮನ ಜೋಳಿಗೆಗೆ ಅದಕ್ಕಿಂತ ಅನುಕೂಲವಾದ ಬುತ್ತಿ ಇಲ್ಲ.

ಹೀಗೆ ಕೂಡಿಟ್ಟುದು ಯಾರದೆಂಬುದೇ ಮೊದಲು ಕೇಳಿದ ಪ್ರಶ್ನೆಯ ತಿರುಳು. ಕಣದಲ್ಲಿ ರಾಶಿಪೂಜೆಯಾದ ಮೇಲೆ ಧಾನ್ಯವು ನೇರವಾಗಿ ಹಗೇವಿಗೆ ಹೋಗುತ್ತಿರಲಿಲ್ಲ. ಆಯಗಾರರ ಪಾಲು, ಜಂಗಮರ ಪಾಲು, ಬಂದು ನಿಂತ ಬಡವರ ಮೊರದ ಪಾಲು ಇವನ್ನು ಅಳೆದುಕೊಟ್ಟ ಮೇಲೆಯೇ ಉಳಿದುದು ಮನೆಗೆ. ಮುಂದೆ ವರ್ಷವೆಲ್ಲ ಕಂತೆಭಿಕ್ಷೆಗೆ ಬಂದವರಿಗೆ ಹಗೇವಿನ ರಾಗಿಯೇ ಹಿಟ್ಟಾಗಿ ಸಲ್ಲುತ್ತಿದ್ದಿತು. ಲಿಂಗಕ್ಕೆ ಅರ್ಪಿತವಾದುದು ಪ್ರಸಾದವಾದುದರಿಂದ ಒಂದು ಅಗುಳೂ ಎಲೆಯಲ್ಲಿ ಉಳಿಯಕೂಡದೆಂಬ ನಿಷ್ಠೆ, ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಆಚಾರ, ಇವು ಬಾಳಕ ಸಂಡಿಗೆಗಳ ಮಿತವ್ಯಯದೊಡನೆ ಒಂದೇ ಬೇರಿನಿಂದ ಬಂದುವು. ಲಕ್ಕಮ್ಮನವರು ಬೇಡವೆಂದುದು ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದ ಅಕ್ಕಿಯನ್ನು. ಮಳೆಯಿಲ್ಲದ ನಾಡಿನಲ್ಲಿ ದಾಸೋಹಕ್ಕೆ ಬೇಕಾದುದರ ಅಳತೆ ಒಂದು ದಿನದ್ದಾಗಿರದೆ ಮೂರು ವರ್ಷದ್ದಾಗಿದ್ದಿತು. ಒಕ್ಕಲಿನ ಭಕ್ತರು ಇದನ್ನು ಹೀಗೆ ತಿಳಿದುಕೊಂಡಂತೆ ತೋರುತ್ತದೆ. ಈ ತಿಳಿವಳಿಕೆಯಲ್ಲಿ ಆತ್ಮವಂಚನೆಗೆ ಎಡೆಯಿಲ್ಲದೆ ಇರಲಿಲ್ಲ. ದಾಸೋಹದ ಹೆಸರಿನಲ್ಲಿ ತುಂಬಿದ ಹಗೇವು ಬೆಲೆ ಏರಿದಾಗ ಸಾಹುಕಾರನ ಗಾಡಿಗೆ ತುಂಬುವುದಕ್ಕೂ ಅಷ್ಟೇ ಸಿದ್ಧವಾಗಿರುತ್ತದೆ.

ಧಾತು ಈಶ್ವರ ಸಂವತ್ಸರಗಳ ಬರವು ಇದನ್ನು ಒರೆಗೆ ಹಚ್ಚಿತು. ಗಡಿನಾಡಿನವರು ಧಾತು ಕರುವೆಂದು ಕರೆಯುವ ಆ ಬರವು ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ಹುರಿದುಬಿಟ್ಟಿತು. ೧೮೭೫ರಲ್ಲಿಯೇ ಮಳೆ ಅರೆಬರೆಯಾಗಿದ್ದಿತು; ೧೮೭೬ರಲ್ಲಿ ಪೂರಾ ಕೈಬಿಟ್ಟಿತು. ಹಗೇವುಳ್ಳವರು ಮೊದಲ ವರ್ಷವನ್ನು ಹೇಗೋ ದಾಟಿದರು. ಕೆರೆಗಳು ಬತ್ತಿ ಬಾವಿಗಳು ತಳಕಂಡ ಮೇಲೆ ಹಿತ್ತಿಲುಗಳು ಸತ್ತುವು. ಒಣಗಿಸುವುದಕ್ಕೆ ಕಾಯಿಯೇ ಇಲ್ಲದಿರುವಾಗ ಒಣಗಿಸುವ ಜಾಣ್ಮೆಯಿಂದ ಫಲವೇನು? ಎರಡನೆಯ ವರ್ಷ ಬಂದಾಗ ಹಗೇವುಗಳೂ ಬರಿದಾದುವು. ಆದರೆ ಮೊದಲು ಸತ್ತವರು ಹಗೇವು ಬರಿದಾದವರಲ್ಲ, ಹಗೇವೇ ಇಲ್ಲದವರು. ಹೊಲವಿಲ್ಲದ ಕೂಲಿಯವರು, ಕೈಮಗ್ಗದವರು, ಆಳುಮಕ್ಕಳು ಊರು ಬಿಟ್ಟು ಗಂಜಿಯ ಕೇಂದ್ರಗಳ ದಾರಿ ಹಿಡಿದರು. ದಾರಿಯಲ್ಲಿಯೇ ಬಿದ್ದವರು ಅನೇಕರು. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಮೈಸೂರು ಸೀಮೆಯ ಜನಸಂಖ್ಯೆಯು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿದ್ದಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾದ ಜನವು ಎಂಟೂವರೆ ಲಕ್ಷಕ್ಕೂ ಮಿಗಿಲಾಗಿ ಕುಗ್ಗಿತು. ನಾಡಿನ ಒಟ್ಟು ಪ್ರಾಣನಷ್ಟವು ಇದಕ್ಕಿಂತಲೂ ಹೆಚ್ಚೆಂಬುದು ಆಗಿನವರ ಅಂದಾಜು.

ಪೂರ್ವಕಾಲದ ಸ್ವಾವಲಂಬನೆಯನ್ನು ಹೊಗಳುವವರು ಈ ಅಂಕಿಗಳನ್ನು ಮರೆಯುವುದುಂಟು. ಹಿತ್ತಿಲೂ ಹಗೇವೂ ಒಂದು ಮನೆಯನ್ನು ಒಂದು ಬರದಿಂದ ಕಾಪಾಡಬಲ್ಲುವು. ಎರಡು ವರ್ಷದ ಬರದಿಂದ ಒಂದು ಊರನ್ನು ಕಾಪಾಡಬೇಕಾದರೆ ಹಗೇವುಳ್ಳವನ ಅಂಗಳದ ಚಪ್ಪಡಿಯು ಹಗೇವಿಲ್ಲದವನಿಗಾಗಿ ಏಳಬೇಕು. ಎಲ್ಲೆಲ್ಲಿ ಎದ್ದಿತು, ಎಲ್ಲೆಲ್ಲಿ ಏಳಲಿಲ್ಲ ಎಂಬುದನ್ನು ಯಾವ ಶಾಸನವೂ ಬರೆದಿಡಲಿಲ್ಲ. ಬರದ ಅನಂತರ ಸರ್ಕಾರವು ಕಲಿತ ಪಾಠವು ಬೇರೊಂದು ಬಗೆಯದು: ಧಾನ್ಯವನ್ನು ನೆಲದಲ್ಲಿ ಹುಗಿಯುವುದಕ್ಕಿಂತ ದೂರದಿಂದ ಬೇಗ ತರುವ ದಾರಿ ಬೇಕು. ಬೆಂಗಳೂರು–ಮೈಸೂರು ರೈಲುದಾರಿಯು ಬರಪರಿಹಾರದ ಕೆಲಸವಾಗಿಯೇ ಆರಂಭವಾಯಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಚಿಕ್ಕಬಳ್ಳಾಪುರಕ್ಕೂ ಕಿರಿಯಗಲದ ಹಳಿ ಬಂದಿತು. ಬಂಡಿ ಬಂದ ಮೇಲೆ ಆಲೂಗೆಡ್ಡೆ, ಕಾಯಿಪಲ್ಯಗಳು ಬೆಂಗಳೂರಿನ ಪೇಟೆಗೆ ಹೊರಟುವು. ಜಾನ್ ಕ್ಯಾಮರಾನ್, ಕ್ರುಂಬಿಗಲ್, ಜವರಾಯ ಇವರ ಕಾಲದಲ್ಲಿ ಲಾಲ್‌ಬಾಗಿನಿಂದ ಹೊಸ ಬೀಜಗಳೂ ಸಸಿಗಳೂ ನಾಡಿನಲ್ಲಿ ಹರಡಿದುವು. ಹಿತ್ತಿಲಿನ ಹೆಚ್ಚಳವು ಹಣವಾಯಿತು. ಹಣವಾದುದು ಹಗೇವಿಗೆ ಇಳಿಯದು.

ದಾಸೋಹಕ್ಕಾಗಿ ಊರೂರಿನ ಹಗೇವುಗಳನ್ನು ಒಂದುಗೂಡಿಸುವ ಕಾರ್ಯವು ಕನ್ನಡನಾಡಿನ ಮಠಗಳಲ್ಲಿ ನಡೆದುದನ್ನು ನೋಡಬೇಕಾದರೆ ತುಮಕೂರಿನ ಸಮೀಪದ ಸಿದ್ಧಗಂಗೆಗೆ ಹೋಗಬೇಕು. ಅಲ್ಲಿ ಉದ್ದಾನ ಶಿವಯೋಗಿಗಳ ಕಾಲದಲ್ಲಿ, ೧೯೧೭ರಲ್ಲಿ, ಸಂಸ್ಕೃತ ಪಾಠಶಾಲೆ ಆರಂಭವಾಯಿತು. ೧೯೩೦ರಲ್ಲಿ ಸನ್ಯಾಸಾಶ್ರಮವನ್ನು ಸ್ವೀಕರಿಸಿ ೧೯೪೧ರಲ್ಲಿ ಪೀಠವನ್ನೇರಿದ ಶ್ರೀ ಶಿವಕುಮಾರ ಸ್ವಾಮಿಗಳು, ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ, ಹಳ್ಳಿಯ ಬಡಮಕ್ಕಳಿಗೆ ಜಾತಿಮತಗಳ ಭೇದವಿಲ್ಲದೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಅವರು ಪೀಠವನ್ನೇರಿದ ಕಾಲವು ಮಹಾಯುದ್ಧದ ಕಾಲ. ೧೯೪೩ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನರು ಹಸಿವಿನಿಂದ ಸಾಯುತ್ತಿದ್ದರು. ದೇಶವೆಲ್ಲ ಹೆಚ್ಚು ಆಹಾರ ಬೆಳೆಯಿರೆಂಬ ಕೂಗು ಎದ್ದಿದ್ದಿತು. ಅಂಥ ದಿನಗಳಲ್ಲಿ ಮಠದ ಒಲೆಯನ್ನು ನಡೆಸಿದುದು ಬೊಕ್ಕಸವಲ್ಲ. ಸುಗ್ಗಿಯಾದ ಮೇಲೆ ಹಳ್ಳಿಗಳ ಭಕ್ತರು ಗಾಡಿಗಳಲ್ಲಿ ತಂದು ಸುರಿದ ರಾಗಿ. ಮುಂದೆ ಸಾವಿರಾರು ವಿದ್ಯಾರ್ಥಿಗಳು ಒಂದೇ ಪಂಕ್ತಿಯಲ್ಲಿ ಮುದ್ದೆ ಸಾರು ಉಣ್ಣುವಂತಾದುದು ಹೀಗೆ. ಶಿವರಾತ್ರಿಯ ಜಾತ್ರೆಯಲ್ಲಿ ಅಲ್ಲಿ ದನಗಳ ಪರಿಷೆಯೂ ಕೃಷಿಯ ವಸ್ತುಪ್ರದರ್ಶನವೂ ನಡೆಯುವುದು ಅಲಂಕಾರಕ್ಕಲ್ಲ.

೧೯೫೦ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಆಹಾರ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾಲಯವು ಸ್ಥಾಪಿತವಾಗಿ, ಅಜ್ಜಿಯರ ಉಪ್ಪಿನಕಾಯಿ ಹಪ್ಪಳಗಳ ವಿದ್ಯೆಗೆ ಪ್ರಯೋಗಶಾಲೆಯ ಗೌರವ ದೊರೆಯಿತು. ಮಂಡಿಕಲ್ ಸೀಮೆಯಲ್ಲಿ ಆ ವೇಳೆಗೆ ಹಗೇವುಗಳು ಮುಚ್ಚಿಹೋಗತೊಡಗಿದ್ದುವು. ಮುಂದಿನ ದಶಕಗಳಲ್ಲಿ ಕೊಳವೆಬಾವಿ ಬಂದಿತು. ರಾಗಿಯ ಹೊಲಗಳಲ್ಲಿ ಹಿಪ್ಪುನೇರಳೆ, ದ್ರಾಕ್ಷಿ, ಟೊಮ್ಯಾಟೊ, ಹೂವು ಎದ್ದುವು. ಪಡಿತರದ ಅಕ್ಕಿ ಮನೆಗೆ ಬಂದಿತು. ಇವುಗಳಿಂದ ಹಸಿವು ತಗ್ಗಿತೆಂಬುದನ್ನು ಅಲ್ಲಗಳೆಯಲಾಗದು. ಧಾತು ಕರುವಿನಂಥದು ಮತ್ತೆ ಬರಲಿಲ್ಲ. ಆದರೆ ನೀರು ಆಳಕ್ಕಿಳಿದಂತೆ ಅದರೊಡನೆ ಫ್ಲೋರೈಡು ಮೇಲೆ ಬಂದು, ಹಲ್ಲು ಮೂಳೆಗಳನ್ನು ಕೆಡಿಸಿತು. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ, ೧೦೦ ಗ್ರಾಮಿನಲ್ಲಿ ೩೪೦ ಮಿಲಿಗ್ರಾಮಿಗೂ ಮೀರಿ ಸುಣ್ಣದಂಶವುಳ್ಳ ರಾಗಿಯನ್ನು ಪೇಟೆಯವರು ಹೊಸದಾಗಿ ಕಂಡುಹಿಡಿದವರಂತೆ ಕೊಂಡಾಡಿದರು.

ಈಗ ಈ ಸೀಮೆಯ ಹಿತ್ತಿಲಿನ ಪ್ರಶ್ನೆಯು ಮತ್ತೆ ಕೆರೆಯ ಪ್ರಶ್ನೆಯಾಗಿದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಗಳ ಬಳಸಿದ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರಗಳ ಕೆರೆಗಳಿಗೆ ತುಂಬುವ ಯೋಜನೆಯು ಜಾರಿಗೆ ಬಂದಿದೆ. ನೆಲದಡಿಯ ನೀರು ಮೇಲೇರುವುದಕ್ಕೆಂದು ಬಂದ ಈ ನೀರನ್ನು ಮೂರನೆಯ ಹಂತದವರೆಗೂ ಶುದ್ಧಿಮಾಡಬೇಕೆಂದು ಜಿಲ್ಲೆಯ ರೈತರು ಕೇಳುತ್ತ ಬಂದಿದ್ದಾರೆ. ಆ ಕೆರೆಗಳ ಕೆಳಗಣ ಬಾವಿಗಳಿಂದಲೇ ಮನೆಯ ಸೊಪ್ಪಿಗೂ ಅವರೆಗೂ ಜಂಗಮನ ಕುಡಿಯುವ ತಂಬಿಗೆಗೂ ನೀರು ಬರತಕ್ಕದ್ದು.